ಹುಲ್ಲಿಗೆ ನೀರು ನಿಲ್ಲಿಸಿದ ಭಾನುವಾರ

2024ರ ಮಾರ್ಚ್. ನಮ್ಮ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಪೂರ್ತಿ ಬತ್ತಿತ್ತು, ಇನ್ನೊಂದು ಅರ್ಧ ಗಂಟೆ ನೀರು ಕೊಟ್ಟು ಆಮೇಲೆ ಬರೀ ಗಾಳಿ ಉಗುಳುತ್ತಿತ್ತು. ಬೆಂಗಳೂರಿನ ಪೂರ್ವದಂಚಿನ 96 ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ನಾನು ಅಸೋಸಿಯೇಷನ್ ಕಾರ್ಯದರ್ಶಿಯಾಗಿ ಐದು ತಿಂಗಳಾಗಿತ್ತಷ್ಟೆ. ಬೆಳಗ್ಗೆ ಎದ್ದವಳೇ ಸಂಪಿನ ಮುಚ್ಚಳ ತೆಗೆಸಿ ಕೋಲು ಇಳಿಸಿ ನೀರಿನ ಮಟ್ಟ ನೋಡುವುದು, ಆಮೇಲೆ ಟ್ಯಾಂಕರ್‌ನವರಿಗೆ ಫೋನು ಮಾಡುವುದು. 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತ್ತು. ಆ ದರಕ್ಕೆ ನಮಗೆ ಟ್ಯಾಂಕರ್ ಸಿಕ್ಕಿದ್ದು ಅಪರೂಪ.

ಅದೇ ತಿಂಗಳು ಜಲಮಂಡಳಿಯ ಆದೇಶವೂ ಬಂತು. ಕುಡಿಯುವ ನೀರನ್ನು ಗಿಡಕ್ಕೆ ಬಿಟ್ಟರೆ, ಕಾರು ತೊಳೆದರೆ 5,000 ರೂಪಾಯಿ ದಂಡ. ಆ ಭಾನುವಾರ ಪಾರ್ಕಿಂಗ್‌ನಲ್ಲೇ ಕುರ್ಚಿ ಹಾಕಿ ಸಭೆ ಕರೆದೆವು.

ಮಾತೆಲ್ಲ ಗೇಟಿನ ಎದುರಿನ ಹುಲ್ಲುಹಾಸಿನ ಸುತ್ತಲೇ. 6,000 ಚದರಡಿ ಹುಲ್ಲು, ಬೇಸಿಗೆಯಲ್ಲಿ ದಿನಕ್ಕೆ ಹತ್ತಿರ ಹತ್ತಿರ 3,000 ಲೀಟರ್ ಕುಡಿಯುತ್ತದೆ. ಅಂದರೆ ನಾಲ್ಕು ದಿನಕ್ಕೊಂದು ಟ್ಯಾಂಕರ್ ಹುಲ್ಲಿಗೇ ಬೇಕು. ಒಣಗಲು ಬಿಟ್ಟರೆ ಮನೆಗಳ ಬೆಲೆ ಬೀಳುತ್ತದೆ ಎಂದರು ಒಬ್ಬರು. ಮಕ್ಕಳು ಎಲ್ಲಿ ಆಡಬೇಕು ಎಂದು ಕೇಳಿದರು ಇನ್ನೊಬ್ಬರು. ಅದು ನ್ಯಾಯವಾದ ಪ್ರಶ್ನೆಯೇ. ಎಸ್‌ಟಿಪಿ ನೀರು, ಅಂದರೆ ನಮ್ಮ ನೆಲಮಾಳಿಗೆಯ ಘಟಕದಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಬಿಡಿ ಎಂಬ ಮಾತು ಬಂದಾಗ ಮೊದಲನೇ ಮಹಡಿಯವರೆಲ್ಲ ಒಟ್ಟಿಗೆ ಬೇಡ ಎಂದರು. ಆ ನೀರು ಬಿಟ್ಟ ದಿನ ಅವರ ಮನೆಯಲ್ಲಿ ಕಿಟಕಿ ತೆರೆಯಲಾಗುತ್ತಿರಲಿಲ್ಲ.

ಆ ವಾಸನೆಗೆ ಕಾರಣ ನನಗೆ ಗೊತ್ತಿತ್ತು. ಕೊಳಚೆ ನೀರಿಗೆ ಬ್ಲೋವರ್‌ನಿಂದ ಹಗಲೂ ರಾತ್ರಿ ಗಾಳಿ ಹೋಗುತ್ತಿರಬೇಕು. ಗಾಳಿ ತಪ್ಪಿದರೆ ಕೊಳೆ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಗಾಳಿ ಬೇಡದ ಜಾತಿಯವು ಹೆಚ್ಚುತ್ತವೆ. ಕೊಳೆತ ಮೊಟ್ಟೆಯಂಥ ನಾತ ಅವುಗಳದ್ದು. ಕರೆಂಟ್ ಬಿಲ್ ಉಳಿಯಲಿ ಎಂದು ರಾತ್ರಿ ಹೊತ್ತು ಬ್ಲೋವರ್ ನಿಲ್ಲಿಸಲು ಒಪ್ಪಿದ್ದು ನಮ್ಮದೇ ಸಮಿತಿ. ಆ ಕಾಗದಕ್ಕೆ ನಾನೂ ಸಹಿ ಹಾಕಿದ್ದೆ. ಸಭೆಯಲ್ಲಿ ಅದನ್ನು ಹೇಳಿದೆ. ಹೇಳುವಾಗ ಗಂಟಲು ಒಣಗಿತು. ಕಣ್ಣಿಗೆ ಕಾಣುವ ಹುಲ್ಲಿಗೆ ಎರಡು ಸಲ ಗೊಬ್ಬರ ಹಾಕಿಸಿದ್ದ ನಾವು, ನೆಲಮಾಳಿಗೆಯ ಯಂತ್ರದಲ್ಲಿ ಉಳಿತಾಯ ಹುಡುಕಿದ್ದೆವು.

ಸಭೆ ಮುಗಿಯುವ ಮೊದಲೇ ಮಾಲಿ ತಾತ ನನ್ನನ್ನು ಹಿಂದಿನ ಗೋಡೆಯ ಕಡೆ ಕರೆದುಕೊಂಡು ಹೋದರು. ಗೌರಿಬಿದನೂರು ಕಡೆಯವರು, ಊರಲ್ಲಿ ರಾಗಿ ಬೆಳೆದವರು. ಹೋದ ವರ್ಷ ನೆಟ್ಟ ಸಸಿಗಳ ಬುಡದ ಮಣ್ಣು ಸೀಳು ಬಿಟ್ಟಿತ್ತು. ತಾತ ಬೆರಳು ತೂರಿಸಿ ತೋರಿಸಿದರು, ಎರಡು ಗೆಣ್ಣು ಒಳಗೆ ಹೋಯಿತು.

"ಹುಲ್ಲು ಮಳೆ ಬಂದ್ರೆ ತಾನೇ ಬರ್ತದೆ ಮೇಡಂ. ಮರ ಹೋದ್ರೆ ಹತ್ತು ವರ್ಷ ಹೋಯ್ತು."

ವಾಪಸ್ ಬಂದು ಆ ಮಾತನ್ನೇ ಸಭೆಗೆ ಹೇಳಿದೆ. ಕೈ ಎತ್ತಿಸಿದಾಗ ಹುಲ್ಲಿಗೆ ನೀರು ನಿಲ್ಲಿಸಲು ಹೆಚ್ಚಿನವರು ಒಪ್ಪಿದರು. ಬ್ಲೋವರ್ ಅಂದು ರಾತ್ರಿಯಿಂದಲೇ ಬಿಡುವಿಲ್ಲದೆ ಓಡಿತು. ನಾತ ಹೋಗಲು ಮೂರು ವಾರ ಹಿಡಿಯಿತು. ಅಲ್ಲಿಯವರೆಗೆ ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು ಬಕೆಟ್‌ಗಳಲ್ಲಿ ಕೆಳಗೆ ಬರತೊಡಗಿತು. ಯಾರೂ ಕೇಳದೆ ಶುರುವಾದದ್ದು ಅದು. ಮೂರನೇ ಮಹಡಿಯ ಅಜ್ಜಿಯೊಬ್ಬರು ದಿನಾ ಸಂಜೆ ಲಿಫ್ಟಿನಲ್ಲಿ ಪಾತ್ರೆ ಹಿಡಿದು ಇಳಿಯುತ್ತಿದ್ದರು.

ಹೊಂಗೆಯ ಒಣ ಎಲೆಗಳನ್ನು ಗುಡಿಸಿ ಲಾರಿಗೆ ತುಂಬಿ ಕಳಿಸುವುದನ್ನೂ ನಿಲ್ಲಿಸಿದೆವು. ತಾತ ಪ್ರತಿ ಮರಕ್ಕೂ ಅಗಲವಾದ ಪಾತಿ ಮಾಡಿ, ಅದರ ತುಂಬ ಗೇಣು ದಪ್ಪಕ್ಕೆ ಎಲೆ ಹೊದಿಸಿದರು. ಎಸ್‌ಟಿಪಿ ನೀರು ತಿಳಿಯಾದ ಮೇಲೆ ಸಂಜೆ ಪೈಪನ್ನು ಪಾತಿಯಲ್ಲೇ ಇಟ್ಟು, ಎಲ್ಲೂ ಚಿಮುಕಿಸದೆ, ವಾರಕ್ಕೆರಡು ಸಲ ತುಂಬ ಬಿಟ್ಟರು. ಬೆಳಗ್ಗೆ ಎಲೆ ಸರಿಸಿ ನೋಡಿದರೆ ಮಣ್ಣು ತಣ್ಣಗಿರುತ್ತಿತ್ತು.

ಏಪ್ರಿಲ್‌ನಲ್ಲಿ ಮಳೆ ಬೀಳಲೇ ಇಲ್ಲ. ಹುಲ್ಲು ಜೋಳದ ದಂಟಿನ ಬಣ್ಣಕ್ಕೆ ತಿರುಗಿತು. ಮಕ್ಕಳು ಅದರ ಮೇಲೇ ಕ್ರಿಕೆಟ್ ಆಡಿದರು. ಮೇನಲ್ಲಿ ಮಳೆ ಬಂದಾಗ ಅಂಚುಗಳಲ್ಲಿ ಹಸಿರು ಚಿಗುರಿತು, ನಡುವಿನದು ಮರಳಲಿಲ್ಲ. ಹಳೆಯ ಮರಗಳೆಲ್ಲ ನಿಂತವು. ಎರಡು ನೇರಳೆ ಸಸಿ ಮಾತ್ರ ಉಳಿಯಲಿಲ್ಲ. ನಮ್ಮ ಕಣ್ಣು ಆ ಕಡೆ ಹೋಗುವ ಹೊತ್ತಿಗೇ ಅವು ಬೇರೊಣಗಿದ್ದವು. ಜೂನ್‌ನಲ್ಲಿ ಹುಲ್ಲು ಹೋದ ಜಾಗದಲ್ಲೇ ತಾತ ಎರಡು ಗುಂಡಿ ತೋಡಿದರು. ನೇರಳೆ ಸಸಿ ಇಳಿಸುವಾಗ ಬುಡ ಹಿಡಿದುಕೊಂಡಿದ್ದವಳು ನಾನು.