ಹಳದಿ ಚುಕ್ಕೆ

ತಿಂಗಳ ಕೊನೆಯ ಶುಕ್ರವಾರ ಪಿ-1 ಟಿಕೆಟ್, ಅಂದರೆ ಎಲ್ಲಕ್ಕಿಂತ ತುರ್ತಿನ ದೂರು, ಬಂತು. ಗ್ರಾಹಕ ಕಂಪನಿಯ ಬಿಲ್ಲುಗಳನ್ನು ಒಟ್ಟಿಗೆ ತಯಾರಿಸುವ ಬಿಲ್ಲಿಂಗ್ ಬ್ಯಾಚ್ ಅರ್ಧಕ್ಕೆ ನಿಂತಿತ್ತು. ಎಲ್ಲರನ್ನೂ ಸೇರಿಸಿದ ಬ್ರಿಡ್ಜ್ ಕಾಲ್‌ನಲ್ಲಿ ಹನ್ನೊಂದು ಜನರಿದ್ದರೂ ಮಾತು ಮಾತ್ರ ಮ್ಯಾನೇಜರ್ ಒಬ್ಬರದೇ. ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಚೇರಿಯಲ್ಲಿದ್ದೆ. ಟಿಕೆಟ್ ಇದ್ದದ್ದು ಗದಗಿನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಸಹೋದ್ಯೋಗಿಯ ಹೆಸರಿನಲ್ಲಿ. "ಈ ಗದ್ದಲ ನಿಮಗೆ ಬೇಡ, ಕೆಲಸ ನೋಡಿ" ಎಂದು ಆಕೆಯನ್ನು ಕಾಲ್‌ನಿಂದ ಬಿಡಿಸಿದ್ದೂ ನಾನೇ.

11.20ಕ್ಕೆ ಚಾಟ್‌ನಲ್ಲಿ ಆಕೆಯ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಯಿತು, ಅಂದರೆ ಆಕೆ ಲ್ಯಾಪ್‌ಟಾಪ್ ಮುಂದಿಲ್ಲ ಎಂಬ ಸೂಚನೆ.

"ಟಿಕೆಟ್ ಯಾರ ಹತ್ತಿರ ಇದೆ? ಎಲ್ಲಿದ್ದಾರೆ?" ಎಂದರು ಮ್ಯಾನೇಜರ್. ಸಂದೇಶ ಕಳಿಸಿದೆ, ಉತ್ತರವಿಲ್ಲ. ಮತ್ತೊಂದು ಕಳಿಸಿದೆ. ಸರ್ವರ್‌ನಲ್ಲಿ ಏನು ನಡೆಯುತ್ತಿದೆ ಎಂದು ತೋರಿಸುವ ಲಾಗ್ ನೋಡಬೇಕಾದವನು ಚುಕ್ಕೆಯನ್ನೇ ನೋಡುತ್ತ ಕುಳಿತೆ. ಲಾಗ್ ತೆರೆದಿದ್ದರೆ ಆಕೆಯ ಐಡಿಯಿಂದ ರೋಲ್‌ಬ್ಯಾಕ್ (ಕೆಟ್ಟದ್ದನ್ನು ಹಿಂದಿನ ಸ್ಥಿತಿಗೆ ತರುವ ಕೆಲಸ) ಓಡುತ್ತಿರುವುದು ಕಾಣುತ್ತಿತ್ತು. ಫೋನನ್ನಾದರೂ ಮಾಡಬಹುದಿತ್ತು. ಮಾಡಲಿಲ್ಲ, ಮನೆಯಲ್ಲಿ ಕುಳಿತವರೇ ಹಾಜರಿ ಹೇಳಲಿ ಎಂಬ ಬಿಗುಮಾನ. 11.32ಕ್ಕೆ ತಂಡದ ಗ್ರೂಪಿನಲ್ಲಿ "ಮನೆಯಿಂದ ಕೆಲಸ ಎಂದರೆ ರಜೆಯಲ್ಲ" ಎಂದು ಬರೆದು, ಟಿಕೆಟ್ಟನ್ನು ಪಕ್ಕದ ಕುರ್ಚಿಯ ಹೊಸ ಹುಡುಗನಿಗೆ ವರ್ಗಾಯಿಸಿದೆ. ಅವನಾದರೋ ಕಣ್ಣೆದುರಿಗೇ ಇದ್ದನಲ್ಲ! ಅವನು ಸರ್ವಿಸ್ ರೀಸ್ಟಾರ್ಟ್ ಮಾಡಿದ. ಮುಗಿಯುತ್ತ ಬಂದಿದ್ದ ರೋಲ್‌ಬ್ಯಾಕ್ ನಡುವೆಯೇ ತುಂಡಾಯಿತು. ಮತ್ತೆ ಮೊದಲಿನಿಂದ ಶುರು, ಇನ್ನೂ ಐವತ್ತು ನಿಮಿಷ.

ನಮ್ಮೆಲ್ಲರ ಮೇಜಿನ ಮೇಲೂ ಎರಡೆರಡು ಲ್ಯಾಪ್‌ಟಾಪ್. ಚಾಟ್ ಇರುವುದು ಕಂಪನಿಯದರಲ್ಲಿ, ಸರ್ವರ್ ತೆರೆಯುವುದು ಗ್ರಾಹಕರದರಲ್ಲಿ. ಎರಡನೆಯದರಲ್ಲಿ ಮುಳುಗಿದರೆ ಮೊದಲನೆಯದು ಐದೇ ನಿಮಿಷಕ್ಕೆ ಹಳದಿಯಾಗುತ್ತದೆ. ಆರು ವರ್ಷಗಳಿಂದ ನನ್ನ ಚುಕ್ಕೆಯೂ ಹೀಗೆಯೇ ಹಳದಿಯಾಗುತ್ತ ಬಂದಿದೆ.

ಸಂಜೆ ಆಕೆ ಅಂದದ್ದು ಇಷ್ಟೇ: "ಸರ್, ಒಂದು ಫೋನ್ ಮಾಡಬಹುದಿತ್ತು." ಬೈದದ್ದು ಗ್ರೂಪಿನಲ್ಲಿ, ಆದ್ದರಿಂದ ಕ್ಷಮೆಯನ್ನೂ ಅಲ್ಲಿಯೇ ಕೇಳಿದೆ. ಕೈ ನಡುಗಿತು, ಸುಳ್ಳೇಕೆ ಹೇಳಲಿ.

ನನ್ನ ತಪ್ಪಿಗೆ ಮ್ಯಾನೇಜರ್ ಕಂಡುಕೊಂಡ ಮದ್ದು ಬೇರೆ: ವಾರದ ಐದೂ ದಿನ ಎಲ್ಲರೂ ಕಚೇರಿಗೆ. ನಾನು 2024ರಲ್ಲಿ ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರ ಅಧ್ಯಯನವನ್ನು ಲಗತ್ತಿಸಿ ಮೇಲ್ ಹಾಕಿದೆ. ಪ್ರವಾಸ ಬುಕಿಂಗ್ ಕಂಪನಿ ಟ್ರಿಪ್.ಕಾಮ್‌ನ 1,612 ನೌಕರರ ಮೇಲೆ ನಡೆದ ಪ್ರಯೋಗವದು. ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರ ಮೌಲ್ಯಮಾಪನವಾಗಲಿ ಬಡ್ತಿಯಾಗಲಿ ಕುಗ್ಗಲಿಲ್ಲ. ಕೆಲಸ ಬಿಡುವವರ ಸಂಖ್ಯೆ ಮೂರನೇ ಒಂದು ಭಾಗದಷ್ಟು ಇಳಿಯಿತು, ಅದರಲ್ಲೂ ಮಹಿಳೆಯರಲ್ಲಿ ಮತ್ತು ದೂರದಿಂದ ಓಡಾಡುವವರಲ್ಲಿ. ಉತ್ಪಾದಕತೆ ಶೇ. 2.6 ಇಳಿಯುತ್ತದೆ ಎಂದು ಮೊದಲು ಅಂದಾಜಿಸಿದ್ದ ಮ್ಯಾನೇಜರ್‌ಗಳು, ಕೊನೆಗೆ ಶೇ. 1 ಏರುತ್ತದೆ ಎಂದರು. ನಮ್ಮ ಮ್ಯಾನೇಜರ್‌ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ. ಕಚೇರಿಯ ದಿನಗಳಲ್ಲಿ ಸಂಜೆ ಐದಾದರೆ ಆಕೆಯ ಅರ್ಧ ಮನಸ್ಸು ಬಸ್ ನಿಲ್ದಾಣದಲ್ಲಿರುತ್ತದೆ.

ಹೊಸಬರಿಗೆ ಕಲಿಯಲು ಕಚೇರಿ ಬೇಕು, ಒಪ್ಪುತ್ತೇನೆ. ಆದರೆ ಆ ದಿನ ಹುಡುಗನಿಂದ ಎರಡಡಿ ದೂರದಲ್ಲಿದ್ದೂ ನಾನು ಅವನ ಪರದೆಯತ್ತ ತಿರುಗಲಿಲ್ಲ.

ಮೊನ್ನೆ ಮತ್ತೆ ಟಿಕೆಟ್ ಬಂತು. ಎರಡೇ ನಿಮಿಷಕ್ಕೆ ಗದಗಿನಿಂದ ಸಂದೇಶ: "ಸರ್, ಇನ್ನರ್ಧ ಗಂಟೆ ಹಳದಿಯಾಗಿರುತ್ತೇನೆ."