ಈ ಊರಿನ ಜನ ಎಲ್ಲಿ ನಡೆಯುತ್ತಾರೆ?

ಕೆನಡಾದ ಟೊರೊಂಟೊದಲ್ಲಿ ಹಂಬರ್ ನದಿ ದಾಟಿದ ಮೇಲೆ ಟ್ರಾಫಿಕ್ಕಿನಲ್ಲಿ ಗಾಡಿ ತೆವಳುತ್ತಿತ್ತು. ನನಗೆ ಎರಡು ವಿಮಾನದ ನಿದ್ದೆ ಬಾಕಿ. ತಮ್ಮ ಮಾತ್ರ ಬಿಡಲಿಲ್ಲ. “ಅಕ್ಕ, ಕಣ್ಣು ಬಿಡು, ಈಗ ಬರುತ್ತೆ ನೋಡು” ಅಂದ. ಬಂತು. ಬಲಕ್ಕೆ ಆಚೆ ದಡ ಕಾಣದ ಒಂಟಾರಿಯೋ ಸರೋವರ, ಮುಂದೆ ಒತ್ತೊತ್ತಾಗಿ ಗಾಜಿನ ಕಟ್ಟಡಗಳು, ಅವುಗಳ ನಡುವೆ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿಯ ಹಾಗೆ ಸಿಎನ್ ಟವರ್. 553 ಮೀಟರ್. 1976ರಲ್ಲಿ ಕಟ್ಟಿ ಮುಗಿಸಿದ್ದು. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಜಗತ್ತಿನಲ್ಲಿ ಇದಕ್ಕಿಂತ ಎತ್ತರವಾಗಿ ಆಸರೆಯಿಲ್ಲದೆ ನಿಂತ ಕಟ್ಟಡ ಇರಲಿಲ್ಲ. ಇದನ್ನೆಲ್ಲ ತಮ್ಮ ಒಂದೇ ಉಸಿರಿಗೆ ಹೇಳಿದ. ಅವನಿಗೆ ಸ್ಕೈಲೈನ್ ಹುಚ್ಚು, ಅಂದರೆ ದೂರದಿಂದ ಆಕಾಶಕ್ಕೆ ಎದುರಾಗಿ ಕಾಣುವ ಊರಿನ ಕಟ್ಟಡಗಳ ಸಾಲು. ಆಫೀಸಿನಲ್ಲಿ ಯಾವ ಊರಿನದು ಚೆಂದ ಅಂತ ಊಟದ ಹೊತ್ತಿನಲ್ಲಿ ಜಗಳವಾಡುತ್ತಾರಂತೆ. “ನಾಲ್ಕು ಊರು ಸುತ್ತಿ ಬಾ, ನಂಬರ್ ಒನ್ ಯಾವುದು ಅಂತ ನೀನೇ ಹೇಳು” ಅಂತ ನನ್ನ ತಲೆಗೆ ಕಟ್ಟಿದ.

ಟೊರೊಂಟೊವನ್ನು ಪೂರ್ತಿಯಾಗಿ ನೋಡಬೇಕಾದರೆ ಟೊರೊಂಟೊ ಬಿಟ್ಟು ಹೋಗಬೇಕು. ದಡದಿಂದ ದೋಣಿ ಹತ್ತಿ ಹತ್ತು ಹದಿನೈದು ನಿಮಿಷಕ್ಕೆ ಎದುರಿನ ದ್ವೀಪ. ಅಲ್ಲಿಂದ ತಿರುಗಿ ನೋಡಿದರೆ ಇಡೀ ಊರು ಸಾಲಾಗಿ ಫೋಟೋಗೆ ನಿಂತಿರುತ್ತದೆ. ಅದರಲ್ಲಿ ಒಂದು ಕಟ್ಟಡ ಸಂಜೆ ಬಿಸಿಲಿಗೆ ಬೇರೆ ಥರ ಹೊಳೆಯುತ್ತಿತ್ತು. ರಾಯಲ್ ಬ್ಯಾಂಕ್ ಪ್ಲಾಜಾ. ಅದರ ಕಿಟಕಿ ಗಾಜಿಗೆ ಹಾಕಿರುವುದು ನಿಜವಾದ ಚಿನ್ನದ ಲೇಪ, ಒಟ್ಟು 2,500 ಔನ್ಸ್. ಅಮ್ಮ ಇದ್ದಿದ್ದರೆ ಅಲ್ಲೇ ನಿಂತು ಸವರನ್ ಲೆಕ್ಕ ಹಾಕಿಬಿಡುತ್ತಿದ್ದಳು.

ಮಾರನೆಯ ದಿನ ಭಾನುವಾರ. ಮಳೆ ಬಂತು ಅಂತ ಯೂನಿಯನ್ ಸ್ಟೇಷನ್ ಹತ್ತಿರ ಪಾತ್ ಅನ್ನುವ ನೆಲದಡಿಯ ದಾರಿಗೆ ಇಳಿದೆ. ಡೌನ್‌ಟೌನಿನ ಬ್ಯಾಂಕು, ಆಫೀಸು, ಮಾಲುಗಳನ್ನೆಲ್ಲ ಕೆಳಗಿಂದಲೇ ಜೋಡಿಸಿದ್ದಾರೆ. ಸುಮಾರು 30 ಕಿಲೋಮೀಟರ್ ಇದೆ. ವಾರದ ದಿನ ಇಲ್ಲಿ ಕಾಲಿಡಲು ಜಾಗ ಇರಲ್ಲವಂತೆ. ಅವತ್ತು ಬಹುತೇಕ ಅಂಗಡಿಗಳ ಷಟರ್ ಎಳೆದಿತ್ತು. ಒಂದೇ ಥರದ ಟೈಲ್ಸು, ಒಂದೇ ಥರದ ದೀಪ. ಫೋನಿನ ಮ್ಯಾಪು ನಾನು ರಸ್ತೆ ಮಧ್ಯದಲ್ಲಿ ನಿಂತಿದ್ದೇನೆ ಅಂತ ತೋರಿಸುತ್ತಿತ್ತು. ಅದರ ಲೆಕ್ಕವೂ ಸರಿಯೇ, ನಾನು ರಸ್ತೆಯ ಅಡಿಯಲ್ಲಿದ್ದೆ. ನಲವತ್ತು ನಿಮಿಷ ಅಲೆದೆ. ಮುಚ್ಚಿದ ಒಂದೇ ಜ್ಯೂಸ್ ಅಂಗಡಿ ಮೂರು ಸಲ ಎದುರಾಯಿತು. ಕೊನೆಗೆ ನೆಲ ಒರೆಸುತ್ತಿದ್ದ ಹೆಂಗಸೊಬ್ಬರು ಮಾಪನ್ನೇ ಎತ್ತಿ ಒಂದು ಮೆಟ್ಟಿಲಿನ ಕಡೆ ತೋರಿಸಿದರು. ಹತ್ತಿ ಹೊರಗೆ ಬಂದರೆ ಎದುರಿಗೆ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ವಿನ್ಯಾಸ ಮಾಡಿದ ಟಿಡಿ ಸೆಂಟರಿನ ಕಪ್ಪು ಕಟ್ಟಡಗಳು. ದೂರದಿಂದ ಗಂಭೀರವಾಗಿ ಕಂಡಿದ್ದವು. ಬುಡದಲ್ಲಿ ನಿಂತಾಗ ಒದ್ದೆ ಕಲ್ಲು ಹಾಸು ಮತ್ತು ನಾನು, ಇಬ್ಬರೇ.

ಹಾಗಾದರೆ ಜನ ಎಲ್ಲಿ? ಕೆನ್ಸಿಂಗ್ಟನ್ ಮಾರ್ಕೆಟ್ಟಿನಲ್ಲಿ. ಸ್ಪಡೈನಾ ರಸ್ತೆಯ ಟ್ರಾಮ್ ಇಳಿದು ಒಳಗೆ ತಿರುಗಿದರೆ ಸಾಕು, ಹಳೇ ಮನೆಗಳ ಮುಂಭಾಗವನ್ನೇ ಅಂಗಡಿ ಮಾಡಿಕೊಂಡ ಗಲ್ಲಿಗಳು. ಹಣ್ಣಿನ ಬುಟ್ಟಿ, ಹಳೇ ಬಟ್ಟೆ, ಚೀಸು, ಒಣ ಮೆಣಸಿನಕಾಯಿ. ಮೂರಂತಸ್ತಿಗಿಂತ ಎತ್ತರದ್ದು ಕಡಿಮೆ. ಅಲ್ಲಿಂದ ತಲೆ ಎತ್ತಿದರೆ ಸಿಎನ್ ಟವರ್ ಕಾಣುತ್ತದೆ, ಯಾರೂ ಎತ್ತಲ್ಲ. ಟೊರೊಂಟೊದ ಫೋಟೋ ಒಂದು ಕಡೆ, ಟೊರೊಂಟೊ ಇನ್ನೊಂದು ಕಡೆ ಅಂತ ನನಗೆ ಅನ್ನಿಸಿದ್ದು ಅಲ್ಲಿಯೇ. ತಮ್ಮನಿಗೆ ಹೇಳಲಿಲ್ಲ, ಬೇಜಾರು ಮಾಡಿಕೊಳ್ಳುತ್ತಾನೆ. ಕ್ವೀನ್ ರಸ್ತೆಯ ಒಂದು ತುಂಡನ್ನು ಮೆಟ್ರೋ ಕೆಲಸಕ್ಕೆ ಮುಚ್ಚಿ, ಟ್ರಾಮುಗಳನ್ನು ಸುತ್ತಿಸಿ ಕಳಿಸುತ್ತಿದ್ದರು. ಬ್ಯಾರಿಕೇಡ್ ನೋಡಿ ನನಗೆ ಬೆಂಗಳೂರಿನಲ್ಲೇ ಇದ್ದ ಹಾಗಾಯಿತು.

ಮಾಂಟ್ರಿಯಲ್‌ಗೆ ರೈಲಿನಲ್ಲಿ ಐದು ಗಂಟೆ ಚಿಲ್ಲರೆ. ಬಾಡಿಗೆಗೆ ಹಿಡಿದ ರೂಮು ಪ್ಲಾಟೋ ಬಡಾವಣೆಯಲ್ಲಿ, ಮೊದಲನೇ ಮಹಡಿ. ಮೆಟ್ಟಿಲು ಮನೆಯ ಹೊರಗಡೆ ಇತ್ತು. ಕಬ್ಬಿಣದ್ದು, ಫುಟ್‌ಪಾತಿನಿಂದಲೇ ಶುರುವಾಗಿ ಜಿಲೇಬಿಯಂತೆ ತಿರುಚಿಕೊಂಡು ಮೇಲಿನ ಬಾಗಿಲಿಗೆ ಹೋಗುತ್ತದೆ. ಇಡೀ ಬೀದಿಯಲ್ಲಿ ಎಲ್ಲ ಮನೆಗೂ ಹೀಗೆಯೇ. ಮೆಟ್ಟಿಲು ಹೊರಗಿದ್ದರೆ ಒಳಗೆ ಒಂದು ರೂಮಿನಷ್ಟು ಜಾಗ ಉಳಿಯುತ್ತದೆ ಅನ್ನುವುದು ಆಗ ಕಟ್ಟಿದವರ ಲೆಕ್ಕ. ಲೆಕ್ಕ ಚೆನ್ನಾಗಿದೆ. ನನ್ನ ಕೈಯಲ್ಲಿ ನಾದಿನಿ ಚಟ್ನಿಪುಡಿ ತುಂಬಿಸಿದ 23 ಕೆಜಿಯ ಸೂಟ್‌ಕೇಸ್ ಇತ್ತು. ಮೆಟ್ಟಿಲ ಮೇಲೆ ಒದ್ದೆ ಮೇಪಲ್ ಎಲೆ. ಒಂದು ಮೆಟ್ಟಿಲಿಗೆ ಸೂಟ್‌ಕೇಸ್ ಇಡುವುದು, ಉಸಿರು ಬಿಡುವುದು, ಕಂಬಿ ಹಿಡಿಯುವುದು, ಮುಂದಿನದಕ್ಕೆ ಎತ್ತುವುದು. ಏಳನೇ ಮೆಟ್ಟಿಲಲ್ಲಿ ಕಾಲು ಜಾರಿ ಕುಕ್ಕರಿಸಿ ಕೂತೆ. ಪಕ್ಕದ ಮೆಟ್ಟಿಲಿನಿಂದ ಅಜ್ಜಿಯೊಬ್ಬರು ಫ್ರೆಂಚಿನಲ್ಲಿ “ಬೊಂಜೂರ್” ಅಂದರು. ಆಮೇಲೆ ನನ್ನ ಮುಖ ನೋಡಿ “ಹಾಯ್” ಅಂತ ಸೇರಿಸಿದರು. ಕೂತಲ್ಲಿಂದಲೇ ಎರಡಕ್ಕೂ ಉತ್ತರ ಕೊಟ್ಟೆ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಜುಲೈ 1ಕ್ಕೆ ಬಾಡಿಗೆ ಕರಾರು ಮುಗಿದು ಊರಿಗೆ ಊರೇ ಮನೆ ಬದಲಾಯಿಸುತ್ತದೆ. ಫ್ರಿಜ್ಜು, ಸೋಫಾ ಎಲ್ಲ ಇದರಲ್ಲೇ ಇಳಿಯಬೇಕು. ನೆನೆಸಿಕೊಂಡೇ ಬೆನ್ನು ನೋಯಿತು.

ಈ ಮೆಟ್ಟಿಲಿನಿಂದಾಗಿ ಇಲ್ಲಿ ಎಲ್ಲರೂ ಬೀದಿಗೇ ಬಂದು ಇಳಿಯಬೇಕು. ಲಿಫ್ಟಿಲ್ಲ, ಲಾಬಿಯಿಲ್ಲ. ಮೂರು ದಿನದಲ್ಲಿ ನನಗೆ ಆ ಬೀದಿಯ ಐದಾರು ಮುಖ ಪರಿಚಯವಾದವು. ಮೈಲ್ ಎಂಡ್ ಕಡೆ ನಡೆದರೆ ಸೌದೆ ಒಲೆಯ ವಾಸನೆ. ಜೇನು ಬೆರೆಸಿದ ನೀರಿನಲ್ಲಿ ಬೇಯಿಸಿ, ಎಳ್ಳು ಹಚ್ಚಿ, ಒಲೆಯಲ್ಲಿ ಸುಟ್ಟ ಬೇಗಲ್ ಅನ್ನುವ ಬಳೆಯಾಕಾರದ ಬ್ರೆಡ್ಡುಗಳನ್ನು ಉದ್ದ ಹಲಗೆಯಲ್ಲಿ ಎಳೆದು ಹಾಕುತ್ತಾರೆ. ನೋಡಲು ಹೊಟ್ಟೆ ತುಂಬಿಸಿಕೊಂಡ ಕೋಡುಬಳೆ. ಬಿಸಿಯಿದ್ದಾಗಲೇ ತಿನ್ನಬೇಕು, ಬೆಳಗ್ಗೆಗೆ ಅಂತ ಇಟ್ಟುಕೊಂಡಿದ್ದು ಹಲ್ಲು ಅಲ್ಲಾಡಿಸಿತು.

ಸ್ಕೈಲೈನ್? ಅದಕ್ಕೆ ಮೌಂಟ್ ರಾಯಲ್ ಹತ್ತಬೇಕು. 233 ಮೀಟರ್, ನಮ್ಮ ಲೆಕ್ಕದಲ್ಲಿ ಗುಡ್ಡ. ಡೌನ್‌ಟೌನಿನಲ್ಲಿ ಯಾರೂ ಈ ಗುಡ್ಡಕ್ಕಿಂತ ಎತ್ತರ ಕಟ್ಟುವಂತಿಲ್ಲ ಅಂತ ನಗರದ ನಿಯಮ ಇದೆ. ಹಾಗಾಗಿ ಗುಡ್ಡದ ಮೇಲಿನ ಕೊಂಡಿಯಾರಾಂಕ್ ಕಟ್ಟೆಯಲ್ಲಿ ನಿಂತರೆ ಕಟ್ಟಡಗಳು ನಿಮ್ಮ ಕಾಲ ಕೆಳಗೂ ಇರುವುದಿಲ್ಲ, ತಲೆಯ ಮೇಲೂ ಹೋಗುವುದಿಲ್ಲ. ಕೆಂಪು, ಹಳದಿ ಎಲೆಗಳ ಆಚೆ, ಕಣ್ಣಿನ ಮಟ್ಟಕ್ಕೆ ಬಂದು ನಿಂತುಬಿಡುತ್ತವೆ. ಶಾಲೆಯ ಗ್ರೂಪ್ ಫೋಟೋದಲ್ಲಿ ಉದ್ದ ಇರುವವರಿಗೆ ಮೇಷ್ಟ್ರು ಬಗ್ಗು ಅಂದ ಹಾಗೆ. ಕತ್ತಲಾದ ಮೇಲೆ 1962ರ ಪ್ಲಾಸ್ ವಿಲ್ ಮರಿ ಕಟ್ಟಡದ ನೆತ್ತಿಯಿಂದ ದೀಪದ ಕೋಲೊಂದು ಮೋಡದ ಮೇಲೆ ಸುತ್ತುತ್ತಾ ಇತ್ತು. ಮಾಂಟ್ರಿಯಲ್‌ನಲ್ಲೂ ನೆಲದಡಿಯ ದಾರಿಗಳ ದೊಡ್ಡ ಜಾಲ ಇದೆ. ನಾನು ಇಳಿಯಲಿಲ್ಲ. ಒಂದು ಸಲ ಕಳೆದುಹೋಗಿದ್ದು ಸಾಕಾಗಿತ್ತು.

ಕ್ಯಾಲ್ಗರಿಯಲ್ಲಿ ವಿಮಾನ ಇಳಿಯುವಾಗ ಕೆಳಗೆಲ್ಲ ಚಪ್ಪಟೆ ಬಯಲು, ಅದರ ನಡುವೆ ಇದ್ದಕ್ಕಿದ್ದಂತೆ ಒಂದು ಗುಂಪು ಕಟ್ಟಡ. ಪ್ಯಾಕೆಟ್ಟಿನಿಂದ ಸುರಿದು ಮರೆತು ಹೋದ ಹಾಗೆ. ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆ, ಮೈನಸ್ ಆರು ಡಿಗ್ರಿ, ಒಂದು ಹದ ಹಿಮ ಬಿದ್ದಿತ್ತು. ಇಷ್ಟು ದೊಡ್ಡ ಊರಿನ ನಡುಮಧ್ಯದ ಫುಟ್‌ಪಾತಿನಲ್ಲಿ ನನ್ನ ಹೆಜ್ಜೆ ಗುರುತು ಮಾತ್ರ. ಟ್ಯಾಕ್ಸಿ ಡ್ರೈವರ್ ಪಂಜಾಬಿನವರು. “ಎಲ್ಲರೂ ಎಲ್ಲಿ ಹೋದರು ಭಾಯಿಸಾಬ್?” ಅಂತ ಹಿಂದಿಯಲ್ಲಿ ಕೇಳಿದೆ. ಅವರು ಸ್ಟೇರಿಂಗಿನಿಂದ ಒಂದು ಬೆರಳು ಎತ್ತಿದರು. “ಸಬ್ ಊಪರ್ ಚಲೇ ಗಯೇ.” ಎಲ್ಲರೂ ಮೇಲೆ ಹೋಗಿಬಿಟ್ಟರಂತೆ.

ಎದೆ ಧಸಕ್ಕೆಂದಿತು. ಆಮೇಲೆ ಬೆರಳು ತೋರಿಸಿದ ಕಡೆ ನೋಡಿದೆ. ರಸ್ತೆಯ ಮೇಲೆ ಅಡ್ಡಡ್ಡ ಗಾಜಿನ ಸೇತುವೆ. ಅದರೊಳಗೆ ಕಾಫಿ ಕಪ್ಪು ಹಿಡಿದು, ಕೋಟು ಕೂಡ ಇಲ್ಲದೆ, ಸಾಲು ಸಾಲು ಜನ. ಇದು ಪ್ಲಸ್ ಫಿಫ್ಟೀನ್. ನೆಲದಿಂದ ಹದಿನೈದು ಅಡಿ ಮೇಲೆ ಇದೆ, ಅದಕ್ಕೇ ಆ ಹೆಸರು. ಮೊದಲ ಸೇತುವೆ ಬಂದದ್ದು 1970ರಲ್ಲಿ. ಈಗ ಹತ್ತಾರು ಕಟ್ಟಡಗಳನ್ನು ದಾಟಿಕೊಂಡು ಹೋಗಬಹುದು, ಮೂಗಿಗೆ ಗಾಳಿ ಸೋಕದ ಹಾಗೆ. ಮೇಲೆ ಹತ್ತಿದೆ. ಚಪ್ಪಲಿ ರಿಪೇರಿ, ಕ್ಷೌರದಂಗಡಿ, ದಂತ ವೈದ್ಯರು, ಊಟದ ಕೌಂಟರು, ಎಲ್ಲ ಇಲ್ಲೇ ಇವೆ. ನನಗೂ ಬೆಚ್ಚಗಾಯಿತು, ಬೈಯಲು ಮನಸ್ಸಾಗಲಿಲ್ಲ. ಆದರೆ ಸಂಜೆ ಆರೂವರೆಗೆ ಸೇತುವೆಯೂ ಖಾಲಿ. ಆಫೀಸಿನವರು ರೈಲು ಹಿಡಿದು ಮನೆಗೆ ಹೋದರು. ಆ ರೈಲಿಗೆ ಡೌನ್‌ಟೌನಿನೊಳಗೆ ಟಿಕೆಟ್ ಬೇಕಿರಲಿಲ್ಲ. ನಮ್ಮ ಶಕ್ತಿ ಯೋಜನೆಯೇ, ಆದರೆ ಗಂಡಸರಿಗೂ ಉಂಟು, ಆಧಾರ್ ತೋರಿಸುವ ಕೆಲಸವೂ ಇಲ್ಲ.

2014ರಲ್ಲಿ ಕಚ್ಚಾ ಎಣ್ಣೆಯ ಬೆಲೆ ಬಿದ್ದ ಮೇಲೆ ಎಣ್ಣೆ ಕಂಪನಿಗಳ ಈ ಊರಿನಲ್ಲಿ ಎಷ್ಟೋ ಮಹಡಿ ಖಾಲಿಯಾದವು. ಈಗ ನಗರಸಭೆಯೇ ದುಡ್ಡು ಕೊಟ್ಟು ಕೆಲವು ಆಫೀಸು ಕಟ್ಟಡಗಳನ್ನು ಮನೆಗಳಾಗಿ ಬದಲಾಯಿಸುತ್ತಿದೆ. 236 ಮೀಟರಿನ ಬೋ ಕಟ್ಟಡದ ಮುಂದೆ ತಂತಿಯಲ್ಲಿ ಹೆಣೆದ ಹುಡುಗಿಯ ದೊಡ್ಡ ತಲೆ ಇದೆ, ಸ್ಪೇನಿನ ಜಾವುಮೆ ಪ್ಲೆನ್ಸಾ ಮಾಡಿದ್ದು. ಕತ್ತಿನ ಹತ್ತಿರದಿಂದ ಒಳಗೆ ಹೋಗಬಹುದು. ಹೋದೆ. ಒಳಗೆ ನಿಂತು ಮೇಲೆ ನೋಡಿದರೆ ಆ ಹುಡುಗಿಯ ನೆತ್ತಿಯ ಜಾಲರಿಯಲ್ಲಿ ಇಡೀ ಕಟ್ಟಡ ಸಣ್ಣ ಸಣ್ಣ ತುಂಡಾಗಿ ಕಂಡಿತು. ಯಾರೂ ಕಾಯುತ್ತಿರಲಿಲ್ಲವಾದ್ದರಿಂದ ಕಾಲು ಗಂಟೆ ಅಲ್ಲೇ ಇದ್ದೆ.

ವ್ಯಾಂಕೂವರ್‌ನಲ್ಲಿ ಮಳೆ. ಮಲೆನಾಡಿನ ಮಳೆಯಲ್ಲ, ಜರಡಿ ಹಿಡಿದ ಹಾಗೆ ಸುಮ್ನೆ ಉದುರುತ್ತಲೇ ಇರುವ ಮಳೆ. ಆದರೂ ಜನ ಬೀದಿಯಲ್ಲೇ ಇದ್ದರು, ಹೆಚ್ಚಿನವರು ಛತ್ರಿಯೂ ಇಲ್ಲದೆ. ಇಲ್ಲಿ ಕಟ್ಟುವ ರೀತಿಯೇ ಬೇರೆ. ಕೆಳಗೆ ಮೂರ್ನಾಲ್ಕು ಅಂತಸ್ತಿನ ಅಗಲ ಕಟ್ಟಡ, ಅದರಲ್ಲಿ ಅಂಗಡಿ ಅಥವಾ ರಸ್ತೆಗೇ ಬಾಗಿಲಿರುವ ಮನೆ. ಮೇಲೆ ಸಣಕಲು ಗೋಪುರ, ಪಕ್ಕದ ಗೋಪುರದಿಂದ ಸುಮಾರು 24 ಮೀಟರ್ ದೂರ. ನಡೆಯುವವರಿಗೆ ಗೋಪುರ ತಲೆಯ ಮೇಲೆ ಬಿದ್ದ ಹಾಗೆ ಅನ್ನಿಸುವುದೇ ಇಲ್ಲ. ಊರ ನಡುವೆ ಹೆದ್ದಾರಿಯೂ ಇಲ್ಲ. 1960ರ ದಶಕದ ಕೊನೆಯಲ್ಲಿ ತರಲು ಹೊರಟಿದ್ದರು. ಚೈನಾಟೌನ್, ಸ್ಟ್ರಾತ್‌ಕೋನಾ ಜನ ಎದ್ದು ನಿಂತು ತಡೆದರು. ಅಷ್ಟರಲ್ಲಿ ಕಪ್ಪು ಜನರು ಬಾಳುತ್ತಿದ್ದ ಹೋಗನ್ಸ್ ಆಲಿ ಅನ್ನುವ ಕೇರಿ ಮಾತ್ರ ಹೋಗಿಬಿಟ್ಟಿತ್ತು.

ಎಲ್ಲ ಚೆಂದ ಅಂತ ಬರೆದರೆ ಸುಳ್ಳಾಗುತ್ತದೆ. ಗ್ಯಾಸ್‌ಟೌನಿನಲ್ಲಿ ಹಬೆಯ ಗಡಿಯಾರ ಶಿಳ್ಳೆ ಹೊಡೆಯುವುದನ್ನು ನಾವೆಲ್ಲ ವಿಡಿಯೋ ಮಾಡುತ್ತಿದ್ದೆವು. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಹೇಸ್ಟಿಂಗ್ಸ್ ರಸ್ತೆ. ಮಳೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತವರು, ಮಾದಕದ ಅಮಲಿನಲ್ಲಿ ಸೊಂಟ ಬಗ್ಗಿಸಿ ನಿಂತಲ್ಲೇ ನಿಂತವರು. ಫೋನು ಚೀಲಕ್ಕೆ ಹಾಕಿದೆ. ಹೆದರಿಕೆಗಿಂತ ನಾಚಿಕೆ ಜಾಸ್ತಿ ಆಯಿತು.

ಕೋಲ್ ಹಾರ್ಬರ್ ದಡದಲ್ಲಿ ಕೊಮಗಾಟ ಮಾರು ಹಡಗಿನ ಸ್ಮಾರಕ ಇದೆ. 1914ರಲ್ಲಿ ಆ ಹಡಗಿನಲ್ಲಿ ಬಂದ ನಮ್ಮ ದೇಶದ 376 ಜನರನ್ನು ಇದೇ ನೀರಿನಲ್ಲಿ ಎರಡು ತಿಂಗಳು ನಿಲ್ಲಿಸಿ, ಬಹುತೇಕ ಎಲ್ಲರನ್ನೂ ವಾಪಸ್ ಕಳಿಸಿದರು. ಅವರಿಗೆ ಈ ಊರು ಹಡಗಿನಿಂದ ಕಂಡಷ್ಟೇ. ನನ್ನ ಪಾಸ್‌ಪೋರ್ಟಿನ ಸೀಲು ನೆನಪಾಯಿತು.

ಸೀಬಸ್ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ತಿರುಗಿ ನೋಡಿದರೆ ವ್ಯಾಂಕೂವರಿನ ಕಟ್ಟಡಗಳ ತಲೆ ಕತ್ತರಿ ಆಡಿಸಿದ ಬೇಲಿಯಂತೆ ಒಂದೇ ಸಮ. ತಮ್ಮ ಇದಕ್ಕೆ ಮಾರ್ಕು ಕಡಿಮೆ ಕೊಡುತ್ತಾನೆ. ಕಾರಣ ಇದೆ. 1989ರಿಂದ ಊರಿನ ಕೆಲವು ಜಾಗಗಳಿಂದ ಉತ್ತರದ ಬೆಟ್ಟ ಕಾಣಲೇಬೇಕು ಅಂತ ಗೆರೆ ಎಳೆದಿಟ್ಟಿದ್ದಾರೆ. ಗೆರೆಗೆ ಅಡ್ಡ ಬರುವಂತೆ ಕಟ್ಟುವಂತಿಲ್ಲ. ಮನೆ ಸಾಲದು ಅಂತ 2024ರಲ್ಲಿ ಸ್ವಲ್ಪ ಸಡಿಲಿಸಿದರು. ನಾನಿದ್ದ ನಾಲ್ಕು ದಿನವೂ ಆ ಗೆರೆಗಳ ಕೊನೆಯಲ್ಲಿ ಬೆಟ್ಟ ಇರಲಿಲ್ಲ, ಬೂದಿ ಬಣ್ಣದ ಮೋಡ ಇತ್ತು.

ಹೊರಡುವ ದಿನ ಬೆಳಗ್ಗೆ ಏರ್‌ಪೋರ್ಟಿನ ರೈಲು ಹಿಡಿಯಲು ಕ್ಯಾಂಬೀ ರಸ್ತೆಯಲ್ಲಿ, ಸಿಟಿ ಹಾಲ್ ಪಕ್ಕ, ಸೂಟ್‌ಕೇಸ್ ಎಳೆದುಕೊಂಡು ಇಳಿಯುತ್ತಿದ್ದೆ. ಎದುರಿಗೆ ಬರುತ್ತಿದ್ದ ಹುಡುಗಿ ನಿಂತು, ಹಿಂದೆ ತಿರುಗಿ, ಫೋನು ಎತ್ತಿದಳು. ನಾನೂ ನೋಡಿದೆ. ರಸ್ತೆಯ ತುದಿಯಲ್ಲಿ, ಗೋಪುರಗಳ ಮೇಲೆ, ಮೋಡ ಒಂದು ಕಡೆ ಸರಿದು ಕಡುನೀಲಿ ಬೆಟ್ಟದ ಹೆಗಲು. ಅಂಗಡಿಯ ಷಟರ್ ಎತ್ತುತ್ತಿದ್ದವರೂ ಅರ್ಧಕ್ಕೆ ನಿಲ್ಲಿಸಿ ನೋಡಿದರು. ಅಷ್ಟರಲ್ಲಿ ತಮ್ಮನ ಮೆಸೇಜು: “ಅಕ್ಕ, ನಂಬರ್ ಒನ್ ಯಾವುದು?” ಫೋಟೋ ತೆಗೆದು ಕಳಿಸಿದೆ. “ಬಿಲ್ಡಿಂಗೇ ಸರಿಯಾಗಿ ಬಂದಿಲ್ವಲ್ಲ” ಅಂತ ಉತ್ತರ ಬಂತು.