ಪೆಟ್ಟಿಗೆಯೊಳಗಿನ ಕಿಡಿ

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಶ್ರೀರಂಗಪಟ್ಟಣದ ಆಚೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ಕೊಯ್ಲಾಗಿ ಕೂಳೆ ಮಾತ್ರ ಉಳಿದಿದ್ದ ಭತ್ತದ ಗದ್ದೆಗೆ ಅದರ ಯಜಮಾನರನ್ನು ಕೇಳಿಕೊಂಡು ನಾನೂ ಗೆಳೆಯನೂ ಮಾದರಿ ವಿಮಾನ ಹಾರಿಸಲು ಹೋಗಿದ್ದೆವು. ಎರಡು ಮೀಟರ್ ರೆಕ್ಕೆ, ಮೂಗಿನಲ್ಲಿ 30 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಹೊಟ್ಟೆಯಲ್ಲಿ 400 ಮಿಲಿಲೀಟರ್ ಹಿಡಿಯುವ ಟ್ಯಾಂಕು. ಅದಕ್ಕೆ ಲೀಟರಿಗೆ 25 ಮಿಲಿಲೀಟರ್ ಎಣ್ಣೆ ಬೆರೆಸಿದ ಪೆಟ್ರೋಲ್.

ಸರಂಜಾಮಿನ ಪೆಟ್ಟಿಗೆಯನ್ನು ನಾನೇ ಮಾಡಿದ್ದೆ. ಒಂದು ಮಗ್ಗುಲಿಗೆ ತಗಡಿನ ಕ್ಯಾನು, ನಡುವೆ 12 ವೋಲ್ಟಿನ ಬ್ಯಾಟರಿ, ಅದಕ್ಕೆ ಒತ್ತಿಕೊಂಡಂತೆ ವಿದ್ಯುತ್ ಪಂಪು, ಮುಚ್ಚಳದಲ್ಲಿ ಸ್ವಿಚ್ಚು. ಸಂದುಗೊಂದು ಇಲ್ಲದಂತೆ ಮುಚ್ಚಿಕೊಳ್ಳುತ್ತದೆಂದು ನನಗೆ ಅದರ ಮೇಲೆ ತುಸು ಹೆಮ್ಮೆಯೇ ಇತ್ತು.

ಮೊದಲ ಹಾರಾಟ ಚೆನ್ನಾಗಿಯೇ ಆಯಿತು. ಎಂಜಿನ್ ಆರಲೆಂದು ಕಾದು, ಎರಡನೆಯ ಸಲ ಟ್ಯಾಂಕು ತುಂಬಿಸಲು ಗೆಳೆಯ ಕೊಳವೆಯನ್ನು ಜೋಡಿಸಿದ. ನಾನು ಸ್ವಿಚ್ಚು ಒತ್ತಿದೆ. ‘ದಬ್’ ಎಂದು ಮುಚ್ಚಳ ಹಾರಿತು. ಮುಂಗೈಯ ಕೂದಲು ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ಬೆಂಕಿ ಹತ್ತಿಕೊಂಡಿರುವುದು ನನ್ನ ಅರಿವಿಗೆ ಬಂದದ್ದು. ಗೆಳೆಯ ಕೊಳವೆಯನ್ನು ಕಿತ್ತೆಸೆದು ವಿಮಾನವನ್ನು ಬಾಲ ಹಿಡಿದು ದೂರಕ್ಕೆಳೆದ. ಕೊಳವೆಯಿಂದ ಸೋರಿದ ಪೆಟ್ರೋಲಿನ ಜಾಡು ಹಿಡಿದು ಉರಿ ಕೂಳೆಗೂ ಇಳಿಯತೊಡಗಿತು. ನಾನು ನೀರಿನ ಕೊಡಕ್ಕೆ ಕೈ ಹಾಕಿದಾಗ ಬದುವಿನ ಮೇಲಿದ್ದ ಯಜಮಾನರು, “ನೀರ್ ಹುಯ್ಬ್ಯಾಡಿ ಸಾ, ಮಣ್ ಎರ್ಚಿ, ಮಣ್ಣು!” ಎಂದು ಕೂಗಿಕೊಂಡು ಓಡಿಬಂದರು. ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡೇ ಉರಿಯುತ್ತದೆ, ನೀರು ಹರಿದಲ್ಲೆಲ್ಲ ಬೆಂಕಿಯನ್ನೂ ಒಯ್ಯುತ್ತದೆ ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ಆ ಗಳಿಗೆಯಲ್ಲಿ ನೆನಪಾಗಲಿಲ್ಲ, ಅಷ್ಟೆ. ಮೂವರೂ ಬೊಗಸೆ ಬೊಗಸೆಯಾಗಿ ಗದ್ದೆಯ ಪುಡಿಮಣ್ಣನ್ನು ಸುರಿದೆವು. ಕೊನೆಗೆ ಅವರು ನೆನೆಸಿದ ಗೋಣಿಚೀಲವನ್ನು ಕವುಚಿ ಹಾಕಿದ ಮೇಲೆ ಉರಿ ಅಡಗಿತು. ಕ್ಯಾನಿನ ಬಿರಡೆ ಬಿಗಿಯಾಗಿದ್ದುದು ನಮ್ಮ ಪುಣ್ಯ. ಎರಡು ಕಿಲೋದ ಅಗ್ನಿಶಾಮಕ ನಾಲೆಯ ಏರಿಯ ಮೇಲೆ ನಿಲ್ಲಿಸಿದ್ದ ಕಾರಿನ ಡಿಕ್ಕಿಯಲ್ಲಿ, ಬುತ್ತಿಚೀಲಗಳ ಅಡಿಯಲ್ಲಿತ್ತು.

ಚಳಿಗಾಲದ ಒಣಹವೆಯಲ್ಲಿ ಕೊಳವೆಯೊಳಗೆ ಹರಿಯುವ ಪೆಟ್ರೋಲಿನಿಂದ ಸ್ಥಾಯೀ ವಿದ್ಯುತ್ತು ಹುಟ್ಟಿ ಕಿಡಿ ಹಾರಿತೆಂದು ಮೈಸೂರು ಮುಟ್ಟುವವರೆಗೂ ಗೆಳೆಯ ವಾದಿಸಿದ. ಹಾಗಾಗುವುದುಂಟು. ಆದರೆ ಮನೆಯಲ್ಲಿ ಪಂಪನ್ನು ಬಿಚ್ಚಿದಾಗ ಸಿಕ್ಕ ಕಾರಣ ಬೇರೆ. ಅದು ನಾನು ಮೆಥನಾಲ್ ಇಂಧನದ ಗ್ಲೋ ಎಂಜಿನ್ ಇಟ್ಟುಕೊಂಡಿದ್ದ ಕಾಲದ ಪಂಪು. ಅದರ ದಂಡದ ಸುತ್ತಲಿನ ರಬ್ಬರ್ ಸೀಲು ಪೆಟ್ರೋಲಿಗೆ ತಾಳುವಂಥದ್ದಲ್ಲ. ಉಬ್ಬಿ, ಒಂದು ಕಡೆ ಬಾಯಿ ಬಿಟ್ಟು, ಉಗುರಿನಿಂದ ಕೆರೆದರೆ ಕಿತ್ತುಬರುವಷ್ಟು ಮೆತ್ತಗಾಗಿತ್ತು. ಅಲ್ಲಿಂದ ಜಿನುಗಿದ ಪೆಟ್ರೋಲ್ ನೇರವಾಗಿ ಮೋಟಾರಿನೊಳಕ್ಕೆ ಇಳಿದಿತ್ತು. ಆ ಮೋಟಾರಾದರೋ ಕಾರ್ಬನ್ ಬ್ರಷ್ಷಿನದು. ತಿರುಗುವಷ್ಟು ಹೊತ್ತೂ ಒಳಗೆ ಸಣ್ಣ ಸಣ್ಣ ಕಿಡಿ ಹಾರುವುದು ಅದರ ಸಹಜ ಗುಣ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಗಾಳಿಯಲ್ಲಿ ಶೇಕಡ ಒಂದೂವರೆಯಷ್ಟು ಬೆರೆತರೂ ಹತ್ತಿಕೊಳ್ಳಲು ಸಾಕು. ಬಯಲಿನಲ್ಲಾಗಿದ್ದರೆ ಗಾಳಿ ಅದನ್ನು ಹೊತ್ತೊಯ್ಯುತ್ತಿತ್ತೇನೋ. ಮೊದಲ ಸಲ ಟ್ಯಾಂಕು ತುಂಬಿಸಿದಾಗ ಜಿನುಗಿದ್ದು ಹಾರಾಟ ಮುಗಿಯುವಷ್ಟರಲ್ಲಿ ನನ್ನ ಸಂದುಗೊಂದಿಲ್ಲದ ಪೆಟ್ಟಿಗೆಯ ತಳದಲ್ಲಿ ಆವಿಯಾಗಿ ತುಂಬಿಕೊಂಡಿತ್ತು.

ಪೆಟ್ರೋಲಿಗೆಂದೇ ಮಾಡಿದ ವಿದ್ಯುತ್ ಪಂಪುಗಳು ಸಿಗುತ್ತವೆ, ಅವನ್ನು ಬಳಸುವವರನ್ನು ನಾನು ದೂರುವುದಿಲ್ಲ. ನಾನು ಮಾತ್ರ ಹಿಡಿ ತಿರುಗಿಸುವ ಕೈಪಂಪಿಗೆ ಬಂದಿದ್ದೇನೆ. ಕ್ಯಾನನ್ನು ಪೆಟ್ಟಿಗೆಯಿಂದ ಹೊರಗೆ, ಕೂಳೆ ಕೆರೆದ ಬರಿನೆಲದ ಮೇಲೆ ಇಡುತ್ತೇನೆ. ಗೆಳೆಯನ ಸಮಾಧಾನಕ್ಕೆಂದು ಕ್ಯಾನಿನಿಂದ ಎಂಜಿನ್‌ಗೆ ಒಂದು ತಂತಿಯನ್ನೂ ಸಿಕ್ಕಿಸುತ್ತೇನೆ. ಅಗ್ನಿಶಾಮಕವನ್ನು ಗಾಳಿ ಬೀಸಿ ಬರುವ ಕಡೆಗೆ ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿದ ಮೇಲೆಯೇ ಬಿರಡೆ ತೆಗೆಯುವುದು. ಯಜಮಾನರು ಬದುವಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿರುತ್ತಾರೆ; ಗೋಣಿಚೀಲವನ್ನು ಈಗಲೂ ತಾವೇ ನೆನೆಸಿ ತರುತ್ತಾರೆ.